ಕೃಪೆಗೂ ಜೊತೆಗಾರರು ಬೇಕು: ಮೆಥಡಿಸ್ಟ್ ಪರಂಪರೆಯ ಗಳಿಕೆ ಮತ್ತು ಕೊರತೆ

ಪಾಪಿಯನ್ನು ದೇವರು ಉಚಿತವಾಗಿ ಸ್ವೀಕರಿಸುತ್ತಾನೆ ಎಂಬುದು ಸುವಾರ್ತೆಯ ತಿರುಳು. ಹಾಗಾದರೆ ಸ್ವೀಕೃತನಾದ ಮೇಲೆ ವಿಶ್ವಾಸಿ ಮಾಡಬೇಕಾದ್ದೇನು? ಏನೂ ಇಲ್ಲ ಎಂದರೆ ಬದುಕು ಹಳೆಯ ಜಾಡಿನಲ್ಲೇ ಸಾಗುತ್ತದೆ; ಬಹಳ ಇದೆ ಎಂದರೆ ಕೃಪೆ ದುಡಿಮೆಗೆ ಸಿಕ್ಕ ಕೂಲಿಯಾಗಿಬಿಡುತ್ತದೆ. ಲೂಥರ್ ಕಾಲದಿಂದ ಪ್ರಾಟೆಸ್ಟೆಂಟ್ ಸಭೆಗಳು ಈ ಪ್ರಶ್ನೆಯೊಡನೆ ಗುದ್ದಾಡುತ್ತಲೇ ಬಂದಿವೆ. ಅದಕ್ಕೆ ಸಾಮಾನ್ಯ ಜನ ಬದುಕಿ ನೋಡಬಹುದಾದ ಉತ್ತರವನ್ನು ಕೊಟ್ಟದ್ದು 18ನೆಯ ಶತಮಾನದ ಇಂಗ್ಲೆಂಡಿನ ಮೆಥಡಿಸ್ಟ್ ಚಳವಳಿ. ಆ ಉತ್ತರದ ಜೀವ ಇದ್ದದ್ದು ವಾರಕ್ಕೊಮ್ಮೆ ಸೇರುತ್ತಿದ್ದ ಹನ್ನೆರಡು ಜನರ ಕೂಟದಲ್ಲಿ. ಆ ಕೂಟ ಸೊರಗಿದಂತೆ ಪರಂಪರೆಯ ಕಸುವೂ ಸೊರಗಿತು ಎಂಬುದು ನನ್ನ ವಾದ.

ಚಳವಳಿಯನ್ನು ಕಟ್ಟಿದ ಜಾನ್ ವೆಸ್ಲಿ (1703–1791) ಮೊದಲು ಸ್ವಂತ ಪ್ರಯತ್ನದಿಂದಲೇ ದೇವರನ್ನು ತಲುಪಲು ಹೊರಟವರು. ಆಕ್ಸ್‌ಫರ್ಡಿನಲ್ಲಿ ತಮ್ಮ ಚಾರ್ಲ್ಸ್ ಮತ್ತು ಗೆಳೆಯರೊಡನೆ ಉಪವಾಸ, ಪ್ರಾರ್ಥನೆ, ಸೆರೆಮನೆ ಭೇಟಿ ಎಂದು ದಿನದ ಪ್ರತಿ ಗಳಿಗೆಗೂ ಲೆಕ್ಕವಿಟ್ಟು ಬದುಕಿದರು. ‘ಮೆಥಡಿಸ್ಟ್’ ಎಂದು ಸುತ್ತಲಿನವರು ಗೇಲಿಗೆ ಇಟ್ಟ ಹೆಸರೇ ಕೊನೆಗೆ ನಿಂತಿತು. ಅಮೆರಿಕದ ಜಾರ್ಜಿಯಾದಲ್ಲಿ ಪಾದ್ರಿಯಾಗಿ ಸೋತು ಮರಳಿದ ಮೇಲೆ, 1738ರ ಮೇ 24ರ ಸಂಜೆ, ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟದಲ್ಲಿ ಅವರಿಗೆ ತಿರುವು ಸಿಕ್ಕಿತು. ರೋಮಾಪುರದವರಿಗೆ ಬರೆದ ಪತ್ರಿಕೆಗೆ ಲೂಥರ್ ಬರೆದ ಮುನ್ನುಡಿಯನ್ನು ಒಬ್ಬರು ಓದುತ್ತಿದ್ದಾಗ, ಕ್ರಿಸ್ತನು ತನ್ನ ಪಾಪವನ್ನೂ ನೀಗಿಸಿದ್ದಾನೆಂಬ ಭರವಸೆ ಅವರೊಳಗೆ ಹುಟ್ಟಿತು.

ಈ ಅನುಭವವಾದವರು ಪ್ರಯತ್ನವನ್ನೇ ತೊರೆಯಬಹುದಿತ್ತು. ಅಂಥ ಒತ್ತಾಯವೂ ಬಂತು. ಅವರು ಸೇರಿದ್ದ ಲಂಡನ್ನಿನ ಫೆಟರ್ ಲೇನ್ ಸಂಘದಲ್ಲಿ ಮೊರೇವಿಯನ್ ಪಂಥದ ಬೋಧಕ ಫಿಲಿಪ್ ಮೋಲ್ಟರ್, ಪೂರ್ಣ ನಂಬಿಕೆ ಬರುವ ತನಕ ಸತ್ಯವೇದದ ಓದು, ಪ್ರಾರ್ಥನೆ, ಕರ್ತನ ಭೋಜನ ಎಲ್ಲವನ್ನೂ ಬಿಟ್ಟು ಸುಮ್ಮನೆ ಕಾಯಬೇಕೆಂದು ಕಲಿಸತೊಡಗಿದ್ದರು. ವೆಸ್ಲಿ ಒಪ್ಪಲಿಲ್ಲ. ಅವರ ಪ್ರಕಾರ ಇವು ಕೃಪೆ ಹರಿದು ಬರಲೆಂದು ದೇವರೇ ನೇಮಿಸಿದ ಸಾಧನಗಳು. ಇನ್ನೂ ಹುಡುಕುತ್ತಿರುವವನಿಗೂ ಕರ್ತನ ಭೋಜನದ ಮೇಜು ತೆರೆದಿರಬೇಕು, ಅವನು ಮಾರ್ಪಡುವುದು ಅಲ್ಲಿಯೇ ಆಗಬಹುದು. 1740ರ ಜುಲೈನಲ್ಲಿ ತಮ್ಮ ಮಾತಿಗೆ ಓಗೊಟ್ಟವರನ್ನು ಕರೆದುಕೊಂಡು ಅವರು ಆ ಸಂಘದಿಂದ ಹೊರಬಂದರು. ಫಿರಂಗಿ ಎರಕ ಹೊಯ್ಯುತ್ತಿದ್ದ ಹಳೆಯ ಕಾರ್ಖಾನೆಯೊಂದು ಲಂಡನ್ನಿನಲ್ಲಿ ಅವರ ನೆಲೆಯಾಯಿತು.

ವೆಸ್ಲಿಯವರ ಬೋಧನೆಯಲ್ಲಿ ಕೃಪೆ ಒಂದೇ, ಅದರ ಕೆಲಸ ಮೂರು ಬಗೆಯದು. ಮನುಷ್ಯ ದೇವರನ್ನು ನೆನೆಯುವ ಮೊದಲೇ ಅವನ ಮನಸ್ಸಾಕ್ಷಿಯನ್ನು ತಟ್ಟುವ ಮುಂಚಿತವಾಗಿ ಬರುವ ಕೃಪೆ; ಕ್ರಿಸ್ತನ ನಿಮಿತ್ತ ಪಾಪಿಯನ್ನು ನೀತಿವಂತನೆಂದು ಎಣಿಸುವ ಕೃಪೆ; ನಂಬಿದವನನ್ನು ಒಳಗಿನಿಂದ ಬದಲಿಸುತ್ತಾ ಹೋಗುವ ಶುದ್ಧೀಕರಣದ ಕೃಪೆ. ಮಾನಸಾಂತರ ಜಗಲಿ, ನಂಬಿಕೆ ಬಾಗಿಲು, ಪವಿತ್ರತೆಯೇ ಮನೆ ಎಂಬ ಅರ್ಥದ ಹೋಲಿಕೆ ಅವರದೇ. ಬಹಳಷ್ಟು ಪ್ರಸಂಗಗಳು ಜನರನ್ನು ಬಾಗಿಲವರೆಗೆ ಕರೆತಂದು ಮುಗಿದುಹೋಗುವ ಕಾಲದಲ್ಲಿ, ಒಳಗೆ ಬಂದು ಬಾಳಬೇಕು ಎಂದು ಅವರು ಒತ್ತಿ ಹೇಳಿದರು.

ಇದು ಕ್ರಿಯೆಗಳಿಂದ ರಕ್ಷಣೆ ಗಳಿಸುವ ಹಳೆಯ ದಾರಿಯೇ ಎಂದು ಕ್ಯಾಲ್ವಿನ್ ಪಂಥದವರು ದೂರಿದರು. 1770ರ ನಂತರ ಆ ಜಗಳ ಬಹಳ ಕಹಿಯಾಯಿತು. ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯವನ್ನು ಹಿಡಿದು ವೆಸ್ಲಿ 1785ರಲ್ಲಿ ಪ್ರಕಟಿಸಿದ ಪ್ರಸಂಗವನ್ನು ಆ ದೂರಿಗೆ ಉತ್ತರವೆಂದೇ ಓದಬಹುದು. ದೇವರು ನಮ್ಮೊಳಗೆ ಕೆಲಸ ಮಾಡುತ್ತಿರುವುದರಿಂದ ನಮಗೆ ಶಕ್ತಿಯಿದೆ. ಆ ಕಾರಣಕ್ಕೇ ನಮಗೆ ಹೊಣೆಯೂ ಇದೆ. ನನಗೆ ಈ ವಾದ ಗಟ್ಟಿಯಾಗಿ ಕಾಣುತ್ತದೆ. ಇಲ್ಲಿ ಮನುಷ್ಯನ ಪ್ರಯತ್ನ ದೇವರ ಕೆಲಸಕ್ಕೆ ಪೈಪೋಟಿ ಒಡ್ಡುವುದಿಲ್ಲ, ಅದಕ್ಕೆ ಓಗೊಡುತ್ತದೆ.

ವಾದ ಎಷ್ಟೇ ಗಟ್ಟಿಯಾಗಿರಲಿ, ಗಣಿಯಲ್ಲಿ ದುಡಿದು ದಣಿದು ಬಂದವನಿಗೆ ಅದರಿಂದ ಏನು ದಕ್ಕೀತು? ಅದಕ್ಕೆ ಉತ್ತರ ಹುಟ್ಟಿದ್ದು ಒಂದು ಸಾಲದಿಂದ. 1742ರ ಫೆಬ್ರುವರಿಯಲ್ಲಿ ಬ್ರಿಸ್ಟಲ್‌ನ ಸಂಘದವರು ತಮ್ಮ ಕಟ್ಟಡದ ಸಾಲ ತೀರಿಸುವ ದಾರಿ ಹುಡುಕುತ್ತಾ ಕುಳಿತಿದ್ದರು. ಪ್ರತಿಯೊಬ್ಬರೂ ವಾರಕ್ಕೊಂದು ಪೆನ್ನಿ ಕೊಡಲಿ ಎಂದರು ಅವರಲ್ಲೊಬ್ಬರಾದ ಕ್ಯಾಪ್ಟನ್ ಫಾಯ್. ಬಡವರಿಂದ ಅದೂ ಆಗದು ಎಂಬ ಮಾತು ಬಂದಾಗ, ಅತಿ ಬಡವರಾದ ಹನ್ನೊಂದು ಮಂದಿಯನ್ನು ನನಗೇ ಒಪ್ಪಿಸಿ, ಅವರಿಂದ ಆಗದ್ದನ್ನು ನಾನೇ ತುಂಬುತ್ತೇನೆ ಎಂದರು. ಹೀಗೆ ಸಂಘವನ್ನು ಹನ್ನೆರಡು ಹನ್ನೆರಡು ಜನರ ‘ಕ್ಲಾಸ್’ಗಳಾಗಿ ಹಂಚಲಾಯಿತು. ಕಾಸು ಕೇಳಲು ಮನೆಮನೆಗೆ ಹೋದ ಮುಂದಾಳುಗಳ ಕಣ್ಣಿಗೆ ಸದಸ್ಯರ ಬದುಕೂ ಬಿತ್ತು. ನಡೆಯಬೇಕಾದಂತೆ ನಡೆಯದವರೂ ಅವರಲ್ಲಿದ್ದರು. ವಿಷಯ ತಿಳಿದ ವೆಸ್ಲಿಗೆ ತಾವು ಬಹುಕಾಲದಿಂದ ಹುಡುಕುತ್ತಿದ್ದುದು ಇದೇ ಎನಿಸಿತು.

ಮನೆಭೇಟಿಯಲ್ಲಿ ತೊಡಕುಗಳಿದ್ದವು. ಮುಂದಾಳುಗಳಿಗೆ ಅಷ್ಟು ಬಿಡುವಿರಲಿಲ್ಲ. ಮನೆಗೆಲಸದಾಳುಗಳ ಜೊತೆ ಮಾತಾಡಲು ಯಜಮಾನರು ಬಿಡುತ್ತಿರಲಿಲ್ಲ. ಇಬ್ಬರ ನಡುವಿನ ಮನಸ್ತಾಪ ಎದುರುಬದುರು ಕೂರದೆ ಬಗೆಹರಿಯುತ್ತಿರಲಿಲ್ಲ. ಆದ್ದರಿಂದ ಎಲ್ಲರೂ ಒಂದೆಡೆ ಸೇರುವ ಪದ್ಧತಿ ಬಂತು. ವಾರಕ್ಕೊಮ್ಮೆ ಹಾಡು, ಪ್ರಾರ್ಥನೆ. ಆಮೇಲೆ ಆತ್ಮದ ಸ್ಥಿತಿ ಹೇಗಿದೆ ಎಂಬ ಪ್ರಶ್ನೆ ಒಬ್ಬೊಬ್ಬರ ಮುಂದೂ ಬರುತ್ತಿತ್ತು. ಸಂಘಕ್ಕೆ ಸೇರಲು ಬೇಕಾಗಿದ್ದ ಅರ್ಹತೆ ಒಂದೇ, ಪಾಪದಿಂದ ಬಿಡುಗಡೆ ಬೇಕೆಂಬ ಹಂಬಲ. ಉಳಿಯಲು ಮಾತ್ರ ಆ ಹಂಬಲ ನಡತೆಯಲ್ಲಿ ಕಾಣಬೇಕಿತ್ತು. ಕೆಡುಕು ಮಾಡದಿರುವುದು, ಒಳಿತು ಮಾಡುವುದು, ಕೃಪೆಯ ಸಾಧನಗಳನ್ನು ಬಿಡದಿರುವುದು ಎಂಬ ಮೂರು ನಿಯಮಗಳು 1743ರಲ್ಲಿ ಅಚ್ಚಾದವು.

ಈ ಕೂಟಗಳು ಕುಶಲಕರ್ಮಿಗಳನ್ನೂ ಕೂಲಿಗಳನ್ನೂ ಹೆಂಗಸರನ್ನೂ ಇತರರ ಆತ್ಮಗಳ ಪಾಲಕರನ್ನಾಗಿ ಮಾಡಿದವು. 1761ರಲ್ಲಿ ಡರ್ಬಿಯಲ್ಲಿ ಸಾರಾ ಕ್ರಾಸ್ಬಿ ಒಂದು ಕ್ಲಾಸ್‌ಗೆಂದು ಹೋದಾಗ ಇನ್ನೂರರಷ್ಟು ಜನ ಸೇರಿಬಿಟ್ಟರು. ಆಕೆ ಅವರೆಲ್ಲರನ್ನು ಉದ್ದೇಶಿಸಿ ಮಾತಾಡಿದರು, ಮಾಡಿದ್ದು ಸರಿಯೇ ಎಂದು ವೆಸ್ಲಿಯವರಿಗೆ ಪತ್ರ ಬರೆದು ಕೇಳಿದರು. ವೆಸ್ಲಿ ತಡೆಯಲಿಲ್ಲ. ಪಾದ್ರಿಯ ಪೀಠದಿಂದ ಮಾತ್ರ ಇಳಿಯುತ್ತಿದ್ದ ಆರೈಕೆ ಇಲ್ಲಿ ನೆರೆಯವರ ನಡುವೆ ಹರಿಯತೊಡಗಿತ್ತು.

ಈ ಪರಂಪರೆಯ ದುರ್ಬಲ ಎಳೆ ‘ಕ್ರೈಸ್ತ ಪರಿಪೂರ್ಣತೆ’ಯ ಬೋಧನೆ. ಈ ಲೋಕದಲ್ಲಿಯೇ ವಿಶ್ವಾಸಿಯ ಹೃದಯವನ್ನು ಪ್ರೀತಿ ಪೂರ್ತಿಯಾಗಿ ಆಳಬಲ್ಲದು ಎಂದು ವೆಸ್ಲಿ ಕಲಿಸಿದರು. 1766ರಲ್ಲಿ ಅದಕ್ಕೆಂದೇ ಪುಸ್ತಕ ತಂದರು. ತಪ್ಪು ತಿಳಿವಳಿಕೆ, ದೌರ್ಬಲ್ಯ, ಶೋಧನೆ ಕೊನೆತನಕ ಇರುತ್ತವೆ ಎಂಬ ಎಚ್ಚರಿಕೆಯೂ ಅದರಲ್ಲಿದೆ. ಆದರೂ ಜನ ಅದನ್ನು ಪಡೆದು ಮುಗಿಸಿದ ಪದವಿಯಂತೆ ಹೇಳಿಕೊಳ್ಳತೊಡಗಿದರು. ಲಂಡನ್ನಿನಲ್ಲಿ ಜಾರ್ಜ್ ಬೆಲ್ ಎಂಬಾತ ಪರಿಪೂರ್ಣತೆಯ ಹುಮ್ಮಸ್ಸಿನಲ್ಲಿ 1763ರ ಫೆಬ್ರುವರಿ 28ರಂದು ಲೋಕ ಕೊನೆಯಾಗುತ್ತದೆಂದು ಸಾರಿದ. ವೆಸ್ಲಿ ಅವನನ್ನು ಬಹಿರಂಗವಾಗಿ ಅಲ್ಲಗಳೆಯಬೇಕಾಯಿತು. ಅವರು ತಮಗೆ ಆ ಸ್ಥಿತಿ ದಕ್ಕಿದೆ ಎಂದು ಎಂದೂ ಸಾರಿಕೊಳ್ಳಲಿಲ್ಲ. ಶಿಷ್ಯರು ಕಲಿಯಬೇಕಾಗಿದ್ದ ವಿನಯ ಇದೇ.

ಇನ್ನೂ ದೊಡ್ಡ ತೊಡಕು ಪಾಪದ ವ್ಯಾಖ್ಯಾನದಲ್ಲಿದೆ. ತಿಳಿದೂ ಬೇಕೆಂದೇ ಮಾಡುವ ಅಪರಾಧವನ್ನೇ ವೆಸ್ಲಿ ಸರಿಯಾದ ಅರ್ಥದಲ್ಲಿ ಪಾಪವೆಂದರು. ಹಾಗಾದರೆ ಇಡೀ ಸಮಾಜವೇ ಪಾಪವೆಂದು ಕಾಣದ ಅನ್ಯಾಯದ ಗತಿಯೇನು? ಗುಲಾಮಗಿರಿಯ ವಿಚಾರದಲ್ಲಿ ವೆಸ್ಲಿಯವರ ಕಣ್ಣು ತೆರೆದಿತ್ತು. 1774ರಲ್ಲಿ ಅದನ್ನು ಖಂಡಿಸಿ ಬರೆದರು. ಸಾಯುವ ಕೆಲವೇ ದಿನ ಮೊದಲು, 1791ರ ಫೆಬ್ರುವರಿಯಲ್ಲಿ, ಹೋರಾಟ ಬಿಡಬೇಡಿ ಎಂದು ಗುಲಾಮ ವ್ಯಾಪಾರದ ವಿರುದ್ಧ ದನಿಯೆತ್ತಿದ್ದ ಸಂಸದ ವಿಲ್ಬರ್‌ಫೋರ್ಸ್‌ಗೆ ಪತ್ರ ಬರೆದರು. ಆದರೆ ಅಮೆರಿಕದ ಮೆಥಡಿಸ್ಟರು ಸದಸ್ಯರೆಲ್ಲ ಗುಲಾಮರನ್ನು ಬಿಡುಗಡೆ ಮಾಡಬೇಕೆಂದು 1784ರಲ್ಲಿ ನಿಯಮ ಮಾಡಿ, ಮರುವರ್ಷವೇ ಅದನ್ನು ಅಮಾನತಿನಲ್ಲಿಟ್ಟರು. ಗುಲಾಮರ ಒಡೆಯನಾಗಿದ್ದ ಬಿಷಪ್‌ರೊಬ್ಬರ ಕಾರಣಕ್ಕೆ 1844ರಲ್ಲಿ ಜಗಳ ಭುಗಿಲೆದ್ದು ಸಭೆಯೇ ಇಬ್ಭಾಗವಾಯಿತು. ಪರಿಪೂರ್ಣ ಪ್ರೀತಿಯನ್ನು ಹಾಡಿದ ಬಾಯಿಗಳೇ ಮನುಷ್ಯರನ್ನು ಆಸ್ತಿಯೆಂದು ಸಮರ್ಥಿಸಿದವು. ಬೆಳವಣಿಗೆಯನ್ನು ಒಳಗಿನ ಅನುಭವದಿಂದಷ್ಟೇ ಅಳೆದರೆ ಹೀಗಾಗುತ್ತದೆ. ಪ್ರಶ್ನೆ ಕೇಳುವ ಕೂಟದೊಳಗೆ ಎಲ್ಲರೂ ಒಂದೇ ಬಗೆಯ ಕುರುಡಿನವರಾಗಿದ್ದರೆ ಆ ಕೂಟವೂ ಉಳಿಸಲಾರದು. ಅಲ್ಲಿ ನೊಂದವನ ದನಿಯೂ ಇರಬೇಕು.

ಸಿರಿಯೂ ತೊಡಕಾಯಿತು: ದುಡಿಮೆ, ಮಿತವ್ಯಯ ಕಲಿತ ಮೆಥಡಿಸ್ಟರು ಸಿರಿವಂತರಾದರು. ಗಳಿಸಿರಿ, ಉಳಿಸಿರಿ ಎಂಬ ಮಾತನ್ನು ಕೇಳಿದರು, ಕೊಡಿರಿ ಎಂಬುದನ್ನು ಮರೆತರು ಎಂದು ಮುಪ್ಪಿನಲ್ಲಿ ವೆಸ್ಲಿ ಮತ್ತೆ ಮತ್ತೆ ಮರುಗಿದರು. ಮುಂದೆ 19ನೆಯ ಶತಮಾನದಲ್ಲಿ ಕ್ಲಾಸ್ ಕೂಟ ಶಾಸ್ತ್ರಕ್ಕಷ್ಟೇ ಉಳಿಯಿತು, ಅದೇ ನಾಲ್ಕು ಮಾತು ಒಪ್ಪಿಸುವ ಜಾಗವಾಯಿತು. ಮೆಥಡಿಸ್ಟ್ ಶಿಸ್ತು ದುಡಿಯುವ ವರ್ಗವನ್ನು ಕಾರ್ಖಾನೆಗೆ ಪಳಗಿಸಿತೆಂದು ಇತಿಹಾಸಕಾರ ಇ. ಪಿ. ಥಾಂಪ್ಸನ್ 1963ರಲ್ಲಿ ಆರೋಪಿಸಿದರು. ಅದರಲ್ಲಿ ಸತ್ಯಾಂಶವಿದೆ, ಆದರೆ ಅದೇ ಕೂಟಗಳಲ್ಲಿ ಮಾತು ಕಲಿತವರು ಕಾರ್ಮಿಕ ಸಂಘಗಳ ಮುಂದಾಳುಗಳೂ ಆದರು. ಸಂಘ ಕಟ್ಟಿ 1834ರಲ್ಲಿ ಆಸ್ಟ್ರೇಲಿಯಾಕ್ಕೆ ಗಡೀಪಾರಾದ, ಇಂಗ್ಲೆಂಡಿನ ಟೋಲ್‌ಪಡಲ್ ಹಳ್ಳಿಯ ಕೂಲಿಕಾರರಲ್ಲಿ ಹೆಚ್ಚಿನವರು ಮೆಥಡಿಸ್ಟರು.

ಈ ಪರಂಪರೆ ಕನ್ನಡಿಗರಿಗೆ ಹೊರಗಿನದಲ್ಲ. ಹಳೆಯ ಮೈಸೂರು ಸೀಮೆಯಲ್ಲಿ ವೆಸ್ಲಿಯನ್ ಮಿಷನ್ ಕಟ್ಟಿದ ಸಭೆಗಳು 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆಯಲ್ಲಿ ಒಂದಾದವು. ಅಮೆರಿಕದ ಮಿಷನ್ನಿನಿಂದ ಬೆಳೆದ ಬೀದರ್ ಕಡೆಯ ಸಭೆಗಳು ಮೆಥಡಿಸ್ಟ್ ಹೆಸರಿನಲ್ಲೇ ಉಳಿದಿವೆ. ಇಂದು ನಮ್ಮ ಸಭೆಗಳಲ್ಲಿ ಉಜ್ಜೀವನ ಕೂಟಗಳಿಗೆ ಬರವಿಲ್ಲ, ಮನೆ ಮನೆಯ ಪ್ರಾರ್ಥನೆಗೂ ಜನ ಸೇರುತ್ತಾರೆ. ಅಲ್ಲಿ ಕಾಯಿಲೆ, ಕೆಲಸ, ಮದುವೆಗಳಿಗಾಗಿ ಬೇಡುತ್ತೇವೆ, ಬೇಡಬೇಕಾದ್ದೇ. ಆದರೆ ಈ ವಾರ ಯಾರೊಡನೆ ಮಾತು ಬಿಟ್ಟಿದ್ದೀರಿ, ಮನೆಗೆಲಸದವಳಿಗೆ ಸರಿಯಾಗಿ ಸಂಬಳ ಕೊಟ್ಟಿರಾ, ಮಗನ ಮದುವೆಗೆ ಜಾತಿ ನೋಡಿದಿರಾ ಎಂದು ಪ್ರೀತಿಯಿಂದ ಕೇಳುವವರು ಎಷ್ಟು ಮಂದಿ?

ಆದ್ದರಿಂದ ಮೆಥಡಿಸ್ಟ್ ಪರಂಪರೆಯಿಂದ ನಾವು ಪಡೆಯಬೇಕಾದ್ದು ಪರಿಪೂರ್ಣತೆಯ ಭರವಸೆಗಿಂತ ಹೆಚ್ಚಾಗಿ ಅದರ ಕೂಟದ ಧೈರ್ಯವನ್ನು. ಕೃಪೆ ಉಚಿತ, ಅದನ್ನು ಯಾರೂ ಗಳಿಸಲಾರರು. ಆದರೆ ಅದು ನಡತೆಯಾಗಿ ಮಾಗಲು ನನ್ನ ಮಾತನ್ನು ನಂಬುವವರೂ ಬೇಕು, ಸುಲಭಕ್ಕೆ ನಂಬದವರೂ ಬೇಕು. ಅಂಥ ಹನ್ನೊಂದು ಮಂದಿ ಪ್ರತಿ ಸಭೆಯಲ್ಲೂ ಇದ್ದಾರೆ. ಅವರನ್ನು ಕೂಡಿಸಿ, ನನ್ನನ್ನು ಮೊದಲು ಕೇಳಿ ಎನ್ನುವ ಮುಂದಾಳು ಬೇಕಾಗಿದ್ದಾರೆ.