ಚದರಡಿಗೆ ಐದೂವರೆ ರೂಪಾಯಿ

ಬೆಂಗಳೂರಿನ ನಡುಭಾಗದಲ್ಲಿ, ರಿಚ್ಮಂಡ್ ಟೌನಿನಲ್ಲೋ ಮಲ್ಲೇಶ್ವರದಲ್ಲೋ, ಫ್ಲ್ಯಾಟ್ ನೋಡಲು ಹೋದವರು ಮೊದಲು ಕೇಳುವುದು ದರ. ಆಮೇಲೆ ಖಾತಾ, ಕಾರ್ ಪಾರ್ಕಿಂಗ್, ಕಾವೇರಿ ನೀರು. ಎಲ್ಲ ಮುಗಿದು ಲಿಫ್ಟಿನಲ್ಲಿ ಇಳಿಯುವಾಗ ನೆನಪಾಗುತ್ತದೆ: 'ಮೇಂಟೆನೆನ್ಸ್ ಎಷ್ಟು ಸಾರ್?' 'ಚದರಡಿಗೆ ಐದೂವರೆ.' ಮಾತು ಅಲ್ಲಿಗೆ ನಿಲ್ಲುತ್ತದೆ. ಬ್ಯಾಂಕಿನ ಸಾಲ ಇಪ್ಪತ್ತು ವರ್ಷಕ್ಕಾದರೂ ತೀರುತ್ತದೆ. ಈ ಐದೂವರೆ ರೂಪಾಯಿ ಫ್ಲ್ಯಾಟ್ ನಿಮ್ಮ ಹೆಸರಿನಲ್ಲಿರುವ ತನಕ ತೀರುವುದಿಲ್ಲ. ಇಷ್ಟು ದೊಡ್ಡ ಖರ್ಚನ್ನು ಒಂದು ಚಿಕ್ಕ ಅಂಕಿಯಲ್ಲಿ ಹೇಳಿ ಮುಗಿಸುವ ಪದ್ಧತಿಯೇ ಕೊಳ್ಳುವವರಿಗೆ ಮಾಡುವ ಅನ್ಯಾಯ ಎಂದು ನಾನು ನಂಬಿದ್ದೇನೆ.

ಮೊದಲಿಗೆ, ಅದು ಯಾವ ಚದರಡಿ? 2016ರ ರೇರಾ ಕಾಯ್ದೆ ಕಾರ್ಪೆಟ್ ಏರಿಯಾ ಎಂದರೇನು ಎಂಬುದನ್ನು ಸ್ಪಷ್ಟಪಡಿಸಿತು. ಮಾರಾಟದ ಮಾತು ಆ ಅಳತೆಯಲ್ಲೇ ನಡೆಯಬೇಕೆಂಬುದು ಅದರ ಆಶಯ. ಮೇಂಟೆನೆನ್ಸ್ ಬಿಲ್ ಮಾತ್ರ ಬಹಳ ಕಡೆ ಇನ್ನೂ ಸೂಪರ್ ಬಿಲ್ಟ್‌ಅಪ್ ಲೆಕ್ಕದಲ್ಲೇ, ಅಂದರೆ ಗೋಡೆ, ಮೆಟ್ಟಿಲು, ಲಾಬಿಯ ಪಾಲನ್ನೂ ಸೇರಿಸಿಯೇ ಬರುತ್ತದೆ. ಕಾಗದದ ಮೇಲೆ 1,650 ಚದರಡಿ, ಮನೆಯೊಳಗೆ 1,150 ಚದರಡಿ ಎಂದಿಟ್ಟುಕೊಳ್ಳಿ. ತಿಂಗಳಿಗೆ 9,075 ರೂಪಾಯಿ. ನೀವು ಗುಡಿಸಿ ಒರೆಸುವ ನೆಲಕ್ಕೆ ಅದನ್ನು ಹಂಚಿದರೆ ಐದೂವರೆ ಹೋಗಿ ಹೆಚ್ಚುಕಡಿಮೆ ಎಂಟು ರೂಪಾಯಿ ಆಗುತ್ತದೆ.

ಇದರ ಮೇಲೆ ಜಿಎಸ್‌ಟಿ. ಫ್ಲ್ಯಾಟ್ ಮಾಲೀಕರ ಸಂಘದ ವಾರ್ಷಿಕ ವಹಿವಾಟು 20 ಲಕ್ಷ ದಾಟಿದ್ದು, ಒಬ್ಬ ಸದಸ್ಯರ ಮಾಸಿಕ ಶುಲ್ಕ 7,500 ರೂಪಾಯಿ ಮೀರಿದರೆ ಶೇ. 18 ತೆರಿಗೆ. ಮೀರಿದಷ್ಟಕ್ಕೆ ಮಾತ್ರವಲ್ಲ, ಪೂರ್ತಿ ಮೊತ್ತಕ್ಕೆ ಎನ್ನುತ್ತದೆ 2019ರ ಕೇಂದ್ರ ಸುತ್ತೋಲೆ. ಮೀರಿದ ಭಾಗಕ್ಕಷ್ಟೇ ಎಂದು ಮದ್ರಾಸ್ ಹೈಕೋರ್ಟ್ 2021ರಲ್ಲಿ ಹೇಳಿತು. ಸುತ್ತೋಲೆಯಂತೆ ಹೋದರೆ ಏನಾಗುತ್ತದೆ ನೋಡಿ. ಅದೇ ಐದೂವರೆ ದರದಲ್ಲಿ 1,350 ಚದರಡಿಯ ಮನೆಗೆ 7,425 ರೂಪಾಯಿ, ತೆರಿಗೆ ಇಲ್ಲ. ಪಕ್ಕದ 1,400 ಚದರಡಿಯ ಮನೆಗೆ 7,700, ತೆರಿಗೆ ಸೇರಿ 9,086. ಐವತ್ತು ಚದರಡಿಯ ವ್ಯತ್ಯಾಸಕ್ಕೆ ತಿಂಗಳಿಗೆ 1,661 ರೂಪಾಯಿ ಹೆಚ್ಚು! ಆದ್ದರಿಂದ ದರ ಕೇಳಬೇಡಿ, ಈ ಮನೆಯ ಕಳೆದ ತಿಂಗಳ ಬಿಲ್ ತೋರಿಸಿ ಎನ್ನಿ.

ಶುಲ್ಕ ಹೆಚ್ಚಿದ್ದ ಮಾತ್ರಕ್ಕೆ ಅದು ಸುಲಿಗೆಯಲ್ಲ ಎಂಬುದನ್ನೂ ಹೇಳಬೇಕು. ಊರಿನ ನಡುವೆ ನಿವೇಶನ ಚಿಕ್ಕದು, ಹಾಗಾಗಿ ಕಟ್ಟಡ ಮೇಲಕ್ಕೂ ಬೆಳೆಯುತ್ತದೆ, ಕೆಳಕ್ಕೂ ಇಳಿಯುತ್ತದೆ. ಎರಡನೇ ಬೇಸ್‌ಮೆಂಟಿಗೆ ಒಮ್ಮೆ ಇಳಿದು ನೋಡಿ. ಹಗಲಿನಲ್ಲೂ ದೀಪ ಉರಿಯಬೇಕು, ಕಾರಿನ ಹೊಗೆ ಎಳೆಯುವ ಫ್ಯಾನ್ ತಿರುಗಬೇಕು. ಮೂಲೆಯ ಗುಂಡಿಯಲ್ಲಿ ಮಳೆನೀರು ಎತ್ತುವ ಪಂಪು ಜೋಡಿಯಾಗಿರಬೇಕು, ಒಂದು ಕೈಕೊಟ್ಟರೆ ಇನ್ನೊಂದು ಓಡಬೇಕು. ಎರಡನೆಯ ಪಂಪು ತುಕ್ಕು ಹಿಡಿದು ಕುಳಿತಿದ್ದರೆ ಆ ಸಂಘದ ಖರ್ಚು ಎಲ್ಲಿ ಹೋಗುತ್ತಿದೆ ಎಂಬ ಪ್ರಶ್ನೆ ಅಲ್ಲೇ ಹುಟ್ಟುತ್ತದೆ. ಇನ್ನು ಕೊಳಚೆ ನೀರು ಶುದ್ಧೀಕರಿಸುವ ಎಸ್‌ಟಿಪಿ, ಜನರೇಟರ್, ಬೆಂಕಿ ಆರಿಸುವ ಪೈಪು, ಸೆಕ್ಯುರಿಟಿ, ಹೌಸ್‌ಕೀಪಿಂಗ್. 2024ರ ಬೇಸಿಗೆಯಲ್ಲಿ ನೀರಿಗೆ ತತ್ವಾರವಾದಾಗ ಟ್ಯಾಂಕರ್ ಖರ್ಚು ಎಷ್ಟು ಲೆಕ್ಕಪತ್ರಗಳನ್ನು ತಲೆಕೆಳಗು ಮಾಡಿತು ಎಂಬುದು ನಗರದವರಿಗೆ ಗೊತ್ತೇ ಇದೆ.

ಹನ್ನೆರಡು ಮನೆಗಳ ಹಳೆಯ ಕಟ್ಟಡದಲ್ಲಿ ಕಥೆ ಬೇರೆ. ವಾಚ್‌ಮನ್ ಸಂಬಳ, ಸಂಪಿನ ಮೋಟಾರು, ಲಿಫ್ಟಿನ ಎಎಂಸಿ, ಅಷ್ಟೇ. 'ಬರೀ ಎರಡೂವರೆ ಸಾವಿರ' ಎಂದು ಮಾರುವವರು ಹೆಮ್ಮೆಯಿಂದ ಹೇಳುತ್ತಾರೆ. ಕಡಿಮೆ ಶುಲ್ಕ ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ. ಲಿಫ್ಟ್ ಬದಲಿಸಬೇಕಾದಾಗ, ತಾರಸಿ ಸೋರಲು ಶುರುವಾದಾಗ ತೆಗೆದುಕೊಡಲು ಸಂಘ ಕೂಡಿಡಬೇಕಾದ ಕಾರ್ಪಸ್ ಫಂಡಿನಲ್ಲಿ ಏನೂ ಇಲ್ಲದಿದ್ದರೆ, ಹಿಂದಿನವರು ಇಪ್ಪತ್ತು ವರ್ಷ ಉಳಿಸಿಕೊಂಡ ಹಣವನ್ನು ಮೊನ್ನೆ ಬಂದ ನೀವು ಒಂದೇ ಏಟಿಗೆ ಕಟ್ಟಬೇಕಾಗುತ್ತದೆ.

ಹೊಸ ಕಟ್ಟಡಗಳಲ್ಲಿ ಬಿಲ್ಡರ್‌ಗಳು ಒಂದೆರಡು ವರ್ಷದ ಮೇಂಟೆನೆನ್ಸನ್ನು ಮುಂಗಡವಾಗಿ ತೆಗೆದುಕೊಳ್ಳುವ ರೂಢಿಯಿದೆ. 9,075ರ ಲೆಕ್ಕದಲ್ಲಿ 24 ತಿಂಗಳಿಗೆ 2,17,800 ರೂಪಾಯಿ, ಕಾರ್ಪಸ್ ಬೇರೆ. ಸಂಘಕ್ಕೆ ವಹಿಸಿಕೊಡುವ ತನಕ ಅಗತ್ಯ ಸೇವೆಗಳನ್ನು ನ್ಯಾಯವಾದ ಶುಲ್ಕಕ್ಕೆ ನಡೆಸಬೇಕಾದವರು ಬಿಲ್ಡರೇ ಎಂದು ರೇರಾ ಹೇಳುತ್ತದೆ. ನ್ಯಾಯವಾದದ್ದು ಹೌದೋ ಅಲ್ಲವೋ ಎಂದು ತಿಳಿಯಲು ಲೆಕ್ಕ ಕೈಗೆ ಸಿಗಬೇಕಲ್ಲ? ಮಾರಾಟವಾಗದೆ ಉಳಿದ ಮನೆಗಳ ಪಾಲನ್ನು ಯಾರು ಕಟ್ಟುತ್ತಿದ್ದಾರೆ ಎಂದು ಕೇಳಿ. ಉತ್ತರ ತಡವರಿಸಿದರೆ ಎಚ್ಚರವಾಗಿರಿ. ಇನ್ನೊಂದು ಮಾತು. ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ಕಟ್ಟಡದಲ್ಲಿ, ಕೆಲಸದ ಗುಣಮಟ್ಟದಲ್ಲಿ ದೋಷ ಕಂಡುಬಂದು ತಿಳಿಸಿದರೆ ಬಿಲ್ಡರ್ ಮೂವತ್ತು ದಿನದೊಳಗೆ ಹಣ ಕೇಳದೆ ಸರಿಪಡಿಸಬೇಕು. ಎರಡನೇ ವರ್ಷಕ್ಕೇ ಸೋರುವ ಬೇಸ್‌ಮೆಂಟ್ ಗೋಡೆಯ ರಿಪೇರಿ ಮೇಂಟೆನೆನ್ಸ್ ಖಾತೆಯಲ್ಲಿ ಕಾಣಿಸಿಕೊಂಡರೆ, ಬಿಲ್ಡರ್ ಹೊರಬೇಕಾದ ಹೊರೆಯನ್ನು ನಿವಾಸಿಗಳ ತಲೆಗೆ ಕಟ್ಟಲಾಗಿದೆ ಎಂದೇ ಅರ್ಥ.

ಈ ವಿಷಯದಲ್ಲಿ ಇಂಗ್ಲೆಂಡಿನ ಕಾನೂನಿನಿಂದ ಕಲಿಯುವುದಿದೆ. ಅಲ್ಲಿನ 1985ರ ಕಾಯ್ದೆಯ ಪ್ರಕಾರ ಒಂದು ರಿಪೇರಿಗೆ ಫ್ಲ್ಯಾಟಿನವರೊಬ್ಬರ ಪಾಲು 250 ಪೌಂಡ್ ಮೀರುವಂತಿದ್ದರೆ ಮೊದಲೇ ಅವರಿಗೆ ನೋಟಿಸ್ ಕೊಟ್ಟು ಅಭಿಪ್ರಾಯ ಕೇಳಬೇಕು. ಕೇಳದಿದ್ದರೆ, ನ್ಯಾಯಮಂಡಳಿ ವಿನಾಯಿತಿ ಕೊಡದ ಹೊರತು, ವಸೂಲಾಗುವುದು 250 ಪೌಂಡ್ ಮಾತ್ರ. ಅಲ್ಲಿ ಜಗಳವೇ ಇಲ್ಲ ಎಂದಲ್ಲ, ಬೇಕಾದಷ್ಟಿದೆ. ಆದರೂ ಮೊದಲು ಕೇಳು, ಆಮೇಲೆ ಖರ್ಚು ಮಾಡು ಎಂಬ ಕಟ್ಟುಪಾಡು ನಮ್ಮಲ್ಲೂ ಬರಬೇಕು. ನಮ್ಮ ಎಷ್ಟೋ ಸಂಘಗಳಲ್ಲಿ ಲಕ್ಷಗಟ್ಟಲೆಯ ಪೇಂಟಿಂಗ್ ಕೆಲಸದ ತೀರ್ಮಾನ ಸದಸ್ಯರಿಗೆ ಗೊತ್ತಾಗುವುದು ವಾಟ್ಸ್ಆ್ಯಪ್‌ನಲ್ಲಿ ಬಂದ ಡಿಮ್ಯಾಂಡಿನಿಂದ.

ಕೈಬದಲಾಗುವ ಮನೆ ಕೊಳ್ಳುವವರು 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯ ಎರಡು ಅಂಶ ತಿಳಿದಿರಬೇಕು. ಈಜುಕೊಳಕ್ಕೆ ಇಳಿಯುವುದೇ ಇಲ್ಲ ಎಂದು ಹೇಳಿ ಪಾಲು ತಪ್ಪಿಸಿಕೊಳ್ಳಲು ಅದು ಬಿಡುವುದಿಲ್ಲ. ಮಾರಿದವರು ಉಳಿಸಿ ಹೋದ ಬಾಕಿಗೆ ಕೊಂಡವರನ್ನೂ ಜೊತೆಗೆ ಹೊಣೆ ಮಾಡುತ್ತದೆ, ಆದರೆ ಬಾಕಿ ಎಷ್ಟಿದೆ ಎಂಬ ಪತ್ರವನ್ನು ಸಂಘದಿಂದ ಪಡೆಯುವ ಹಕ್ಕನ್ನೂ ಕೊಡುತ್ತದೆ. ಆ ಪತ್ರದ ಜೊತೆಗೆ ಕಳೆದ ಮೂರು ವರ್ಷದ ಆಡಿಟ್ ಆದ ಲೆಕ್ಕ, ಕಾರ್ಪಸ್ ಠೇವಣಿಯ ದಾಖಲೆ ಕೇಳಿ. 'ಇತರೆ ಖರ್ಚು' ಎಂಬ ಸಾಲು ವರ್ಷದಿಂದ ವರ್ಷಕ್ಕೆ ದಪ್ಪಗಾಗುತ್ತಿದೆಯೇ ನೋಡಿ. ಕಾಗದ ಕೈಗೆ ಬರುವ ತನಕ ಟೋಕನ್ ಬಿಟ್ಟು ಬೇರೆ ಹಣ ಕೊಡಬೇಡಿ.