‘ಗಟಾಕಾ’ದ ಕಕ್ಕಸು ತೊಳೆಯೋರು

ಆಂಡ್ರ್ಯೂ ನಿಕ್ಕಲ್ ನಿರ್ದೇಶಿಸಿದ ಹಾಲಿವುಡ್ ಸಿನಿಮಾ ‘ಗಟಾಕಾ’ (1997). ಭ್ರೂಣಗಳ ವಂಶವಾಹಿ ಪರೀಕ್ಷಿಸಿ ಮಗು ಆರಿಸುವ ಕಾಲ. ಹಾಗೆ ಆರಿಸದೆ ಹುಟ್ಟಿದ ವಿನ್ಸೆಂಟನಿಗೆ ಕಕ್ಕಸು ತೊಳೆಯುವ ಕೆಲಸ. ಮುಂದೆ ಬರೋ ಕೇಡು ಇದು ಅಂತಾರೆ. ನಮ್ಮ ಕೇರಿಗೆ ಇದು ಹೊಸದೇ?

ಎರಡನೇ ಮಗುವಿಗೆ ಅಪ್ಪ ಅಮ್ಮ ಬಿಳಿ ತೊಗಲು ಬರೆಸಿದ್ದಾರೆ. ಅದನ್ನು ಓದಿ ಹೇಳುವ ಡಾಕ್ಟರು ಕಪ್ಪು ಮನುಷ್ಯ! ರೋಗ ಬರದಿದ್ದರೆ ಸಾಕಿತ್ತು ಅಂತ ಅವರು ತಡವರಿಸುವ ಹೊತ್ತಿಗೆ ಬೊಕ್ಕತಲೆಯನ್ನೂ ಅವನು ತೆಗೆದುಹಾಕಿ ಆಗಿದೆ. ಥಲಸ್ಸೇಮಿಯಾ ಮಗುವಿಗೆ ತಿಂಗಳು ತಿಂಗಳೂ ರಕ್ತ ಹಾಕಿಸುವ ತಾಯಿ, ಮುಂದಿನ ಭ್ರೂಣವನ್ನು ಗರ್ಭಕ್ಕಿಡುವ ಮೊದಲು ಪರೀಕ್ಷಿಸಿ ಅಂದರೆ ಬೇಡ ಅನ್ನಲು ನಾವ್ಯಾರು? ಆದರೆ ರೋಗಕ್ಕೂ ತೊಗಲಿಗೂ ನಡುವೆ ಗೆರೆ ಎಳೆಯೋರು ಯಾರು? ಸಿನಿಮಾ ಈ ಜಗಳವನ್ನು ಮುಟ್ಟಿ ಕೈಬಿಡುತ್ತದೆ.

ಇನ್ನೊಬ್ಬನ ರಕ್ತ, ಮೂತ್ರ ತೋರಿಸಿ ಒಳಹೊಕ್ಕ ವಿನ್ಸೆಂಟ್ ಕೊನೆಗೆ ಆಕಾಶಕ್ಕೆ ಹಾರುತ್ತಾನೆ. ಅವನ ಜತೆ ಕಕ್ಕಸು ತೊಳೆದವರು ಅಲ್ಲೇ ಉಳಿದರು.