ಮುಂದಿನ ಶೀರ್ಷಿಕೆ ಕಂಡ ಮೇಲೆ

ಜೀವವಿಜ್ಞಾನಿಗಳು ಡಿಎನ್‌ಎ ಮಾಹಿತಿಯನ್ನು ಇಟ್ಟುಕೊಳ್ಳುವ ಫಾಸ್ಟಾ ಫೈಲನ್ನು ಯಾವ ಸಾದಾ ಎಡಿಟರಿನಲ್ಲಾದರೂ ತೆರೆದು ಓದಬಹುದು. ಗ್ರೇಟರ್ ದ್ಯಾನ್ ಚಿಹ್ನೆಯಿಂದ ಶುರುವಾಗುವ ಒಂದು ಶೀರ್ಷಿಕೆಯ ಸಾಲು, ಅದರ ಕೆಳಗೆ ಎ, ಸಿ, ಜಿ, ಟಿ ಅಕ್ಷರಗಳ ಸಾಲುಗಳು. ಅವು ಒಂದೇ ಸಾಲಾದರೂ ಸರಿ, ಲಕ್ಷ ಸಾಲಾದರೂ ಸರಿ. ಮತ್ತೆ ಅದೇ ಚಿಹ್ನೆ ಬಂದರೆ ಹೊಸ ದಾಖಲೆ. 1980ರ ದಶಕದಲ್ಲಿ ಡೇವಿಡ್ ಲಿಪ್‌ಮನ್ ಮತ್ತು ವಿಲಿಯಂ ಪಿಯರ್ಸನ್ ಬರೆದ ಹುಡುಕಾಟದ ಪ್ರೋಗ್ರಾಮುಗಳ ಜೊತೆ ಬಂದ ರೂಪ ಇದು. ಇಟರೇಟರ್ ಬರೆಯುವುದನ್ನು ಕಲಿಯಬೇಕು ಅನ್ನುವವರಿಗೆ ನಾನು ಮೊದಲು ತೋರಿಸುವುದು ಇದನ್ನೇ. ಯಾಕೆಂದರೆ ಒಂದು ದಾಖಲೆ ಇಲ್ಲಿಗೆ ಮುಗಿಯಿತು ಎಂದು ಹೇಳುವ ಗುರುತೇ ಈ ಫೈಲಿನಲ್ಲಿಲ್ಲ. ಮುಂದಿನದರ ಶೀರ್ಷಿಕೆ ಓದಿದ ಮೇಲಷ್ಟೇ ಹಿಂದಿನದು ಮುಗಿದಿತ್ತು ಎಂದು ತಿಳಿಯುತ್ತದೆ. ಅಷ್ಟರಲ್ಲಿ ಆ ಶೀರ್ಷಿಕೆ ಫೈಲಿನಿಂದ ಹೊರಬಂದು ಆಗಿರುತ್ತದೆ. ಅದನ್ನು ಎಲ್ಲಿಡುವುದು?

ಫೈಲು ಚಿಕ್ಕದಾದರೆ ಪೂರ್ತಿ ಓದಿ ಲಿಸ್ಟಿಗೆ ತುಂಬಿದರಾಯಿತು. ಆದರೆ ಮನುಷ್ಯನ ಜೀನೋಮ್ ಎಂದರೆ ಸುಮಾರು 300 ಕೋಟಿ ಅಕ್ಷರ. ಒಂದನೇ ಕ್ರೋಮೋಸೋಮಿನದೇ ಹತ್ತಿರ ಹತ್ತಿರ 25 ಕೋಟಿ. ಲೂಪ್ ಬರೆಯುವವರಿಗೆ ಬೇಕಿರುವುದು ಒಂದು ಸಲಕ್ಕೆ ಒಂದು ದಾಖಲೆ, ಇಟರೇಟರ್ ಕೊಡುವುದೂ ಅದನ್ನೇ. ಅದು ಡಿಸ್ಕಿನಿಂದ ಬಂತೋ, ಜಿಪ್ ಬಿಚ್ಚಿಕೊಂಡು ಬಂತೋ, ನೆಟ್‌ವರ್ಕಿನ ಆಚೆಯಿಂದ ಬಂತೋ ಅವರಿಗೆ ಗೊತ್ತಾಗುವ ಅಗತ್ಯವಿಲ್ಲ. 1970ರ ದಶಕದಲ್ಲಿ ಎಂಐಟಿಯ ಬಾರ್ಬರಾ ಲಿಸ್ಕೋವ್ ಮತ್ತು ಅವರ ವಿದ್ಯಾರ್ಥಿಗಳು ಕಟ್ಟಿದ ಕ್ಲೂ ಎಂಬ ಭಾಷೆಯಲ್ಲಿ ಈ ವಿಚಾರ ಸ್ಪಷ್ಟ ರೂಪ ಪಡೆಯಿತು: ನಾವೇ ರಚಿಸಿದ ಟೈಪಿನ ಒಳಗುಟ್ಟು ಬಿಟ್ಟುಕೊಡದೆ ಅದರ ಮೇಲೆ ಫಾರ್ ಲೂಪ್ ಓಡಿಸುವುದು. 1994ರಲ್ಲಿ ಎರಿಕ್ ಗಾಮಾ ಮತ್ತು ಮೂವರು ಸಹಲೇಖಕರ ಡಿಸೈನ್ ಪ್ಯಾಟರ್ನ್ಸ್ ಪುಸ್ತಕ ಇಟರೇಟರಿಗೆ ನಾಲ್ಕು ಕ್ರಿಯೆಗಳನ್ನು ಹೇಳಿತು. 1998ರ ಜಾವಾ 1.2 ಅದನ್ನು ಮುಖ್ಯವಾಗಿ ಎರಡಕ್ಕೆ ಇಳಿಸಿತು: ಇನ್ನೂ ಇದೆಯೇ ಎಂದು ಕೇಳುವ ಹ್ಯಾಸ್‌ನೆಕ್ಸ್ಟ್, ಮುಂದಿನದನ್ನು ಕೊಡುವ ನೆಕ್ಸ್ಟ್.

ಕೇಳುವುದು ಬೇರೆ, ತೆಗೆದುಕೊಳ್ಳುವುದು ಬೇರೆ. ಜಾವಾದಲ್ಲಿ ಇಟರೇಟರ್ ಬರೆಯುವವರ ಕೌಶಲ ಗೊತ್ತಾಗುವುದು ಈ ಎರಡರ ನಡುವಿನ ಗೆರೆಯನ್ನು ಅವರು ಎಷ್ಟು ಕಟ್ಟುನಿಟ್ಟಾಗಿ ಕಾಯುತ್ತಾರೆ ಎಂಬುದರಲ್ಲಿ. ಹ್ಯಾಸ್‌ನೆಕ್ಸ್ಟನ್ನು ಸತತ ಹತ್ತು ಸಲ ಕರೆದರೂ ಉತ್ತರ ಒಂದೇ ಇರಬೇಕು, ಒಂದು ದಾಖಲೆಯೂ ಕಳೆಯಬಾರದು. ಕರೆದಾಗಲೆಲ್ಲ ಅದು ಫೈಲಿನಿಂದ ಹೊಸ ಸಾಲು ಎಳೆಯುವಂತೆ ಬರೆದಿದ್ದರೆ ಸಾಮಾನ್ಯ ಲೂಪಿನಲ್ಲಿ ಏನೂ ಗೊತ್ತಾಗುವುದಿಲ್ಲ, ಅಲ್ಲಿ ಕೇಳಿಕೆ ಒಂದಕ್ಕೆ ಒಂದರಂತೆ ಬರುತ್ತದೆ. ಯಾರೋ ಡೀಬಗ್ಗರಿನ ವಾಚ್ ಕಿಂಡಿಯಲ್ಲಿ ಆ ಕರೆಯನ್ನು ಸೇರಿಸಿದ ದಿನ, ಪ್ರತಿ ಹೆಜ್ಜೆಗೂ ದಾಖಲೆಗಳು ಮಾಯವಾಗತೊಡಗುತ್ತವೆ.

ನನಗೆ ಮೆಚ್ಚುಗೆಯಾದ ವಿನ್ಯಾಸದಲ್ಲಿ ಎರಡೇ ಫೀಲ್ಡುಗಳಿವೆ: ಫೈಲಿನ ರೀಡರ್ ಒಂದು, ಓದಿ ಇಟ್ಟುಕೊಂಡ ಶೀರ್ಷಿಕೆ ಇನ್ನೊಂದು. ಕನ್‌ಸ್ಟ್ರಕ್ಟರ್ ಮೊದಲ ಶೀರ್ಷಿಕೆಯವರೆಗೆ ಓದಿ ಅದನ್ನು ಇಟ್ಟುಕೊಳ್ಳುತ್ತದೆ. ನೆಕ್ಸ್ಟ್ ಕರೆದಾಗ ಆ ಶೀರ್ಷಿಕೆಯನ್ನು ಕೈಗೆ ತೆಗೆದುಕೊಂಡು, ಸಾಲುಗಳನ್ನು ಒಂದಕ್ಕೊಂದು ಜೋಡಿಸುತ್ತ ಹೋಗಿ, ಹೊಸ ಶೀರ್ಷಿಕೆ ಎದುರಾದ ಕೂಡಲೇ ಅದನ್ನು ಹಳೆಯದರ ಜಾಗದಲ್ಲಿಟ್ಟು ನಿಲ್ಲುತ್ತದೆ. ಫೈಲೇ ಮುಗಿದರೆ ಅಲ್ಲಿ ನಲ್ ಇಡುತ್ತದೆ. ಹೀಗೆ ಬರೆದರೆ ಹ್ಯಾಸ್‌ನೆಕ್ಸ್ಟ್‌ಗೆ ಉಳಿಯುವುದು ಒಂದೇ ಸಾಲಿನ ಕೆಲಸ, ಇಟ್ಟುಕೊಂಡ ಶೀರ್ಷಿಕೆ ನಲ್ ಅಲ್ಲವೇ ಎಂದು ನೋಡುವುದು. ಅದು ಫೈಲನ್ನು ಮುಟ್ಟುವುದೇ ಇಲ್ಲ. ಕನ್‌ಸ್ಟ್ರಕ್ಟರಿನಲ್ಲೇ ಓದಲು ಶುರುಮಾಡುವುದು ತರವಲ್ಲ ಅನ್ನುವವರಿದ್ದಾರೆ. ನನ್ನದು ಓದುವ ಪಕ್ಷ. ಕೊಟ್ಟ ಫೈಲು ಫಾಸ್ಟಾ ಅಲ್ಲವೇ ಅಲ್ಲ ಎನ್ನುವುದು ಅದನ್ನು ತೆರೆದ ಜಾಗದಲ್ಲೇ ತಿಳಿಯಲಿ, ಇನ್ನೆಲ್ಲೋ ದೂರದ ಲೂಪಿನಲ್ಲಿ ಅಲ್ಲ.

ಜಾವಾದ ಇಟರೇಟರ್ ಇಂಟರ್‌ಫೇಸ್ ಐಒ ಎಕ್ಸೆಪ್ಷನನ್ನು ಹೊರಗೆ ಬಿಡಲು ಅವಕಾಶ ಕೊಡುವುದಿಲ್ಲ, ಕಂಪೈಲರ್ ಒಪ್ಪುವುದಿಲ್ಲ. ಅದಕ್ಕೇ ಕೆಲವರು ಎಕ್ಸೆಪ್ಷನನ್ನು ಒಳಗೇ ಹಿಡಿದು, ಇನ್ನೇನೂ ಇಲ್ಲ ಎಂದು ಸುಮ್ಮನಾಗುವಂತೆ ಬರೆಯುತ್ತಾರೆ. ಇದಕ್ಕಿಂತ ಅಪಾಯದ ಕೋಡ್ ನನಗೆ ಗೊತ್ತಿಲ್ಲ. ನೆಟ್‌ವರ್ಕ್ ನಡುವೆ ಕಡಿದುಹೋದರೂ ಲೂಪ್ ಶಾಂತವಾಗಿ ಮುಗಿಯುತ್ತದೆ, ಅರ್ಧ ಜೀನೋಮಿನ ಲೆಕ್ಕ ಪೂರ್ತಿ ಜೀನೋಮಿನದೆಂದು ವರದಿಯಾಗುತ್ತದೆ. ಮುಗಿಯುವುದೂ ಮುರಿಯುವುದೂ ಕರೆಯುವವರಿಗೆ ಬೇರೆ ಬೇರೆಯಾಗಿಯೇ ಕಾಣಬೇಕು. ಜಾವಾ 8ರಲ್ಲಿ ಅನ್‌ಚೆಕ್ಡ್ ಐಒ ಎಕ್ಸೆಪ್ಷನ್ ಬಂದ ಮೇಲಂತೂ ಅದರಲ್ಲಿ ಸುತ್ತಿ ಎಸೆಯದಿರಲು ಯಾವ ನೆಪವೂ ಇಲ್ಲ.

ಇನ್ನೊಂದು ಗೊಂದಲ ಇಟರೇಟರ್ ಮತ್ತು ಇಟರೇಬಲ್ ನಡುವಿನದು. ಒಂದೇ ಪುಸ್ತಕವನ್ನು ಇಬ್ಬರು ಓದುವಾಗ ಪುಟಗುರುತು ಎರಡು ಬೇಕು. ಪುಸ್ತಕ ಇಟರೇಬಲ್, ಪುಟಗುರುತು ಇಟರೇಟರ್. ಫೈಲಿನ ಕ್ಲಾಸನ್ನು ಇಟರೇಬಲ್ ಎಂದು ಘೋಷಿಸಿ, ಕೇಳಿದಾಗಲೆಲ್ಲ ತನ್ನನ್ನೇ ಹಿಂದಿರುಗಿಸುವಂತೆ ಬರೆದರೆ ಎರಡನೇ ಲೂಪಿಗೆ ಏನೂ ಸಿಗುವುದಿಲ್ಲ, ದೂರುವ ಎಕ್ಸೆಪ್ಷನ್ ಕೂಡ ಬರುವುದಿಲ್ಲ. ಇಟರೇಬಲ್ ಎನ್ನುವುದಾದರೆ ಪ್ರತಿ ಸಲ ಫೈಲನ್ನು ಹೊಸದಾಗಿ ತೆರೆಯಬೇಕು. ಅದಾಗದಿದ್ದರೆ ಇಟರೇಟರ್ ಎಂದಷ್ಟೇ ಹೇಳಿ ಬಿಡುವುದು ಪ್ರಾಮಾಣಿಕ. ಜೊತೆಗೆ ಆಟೋಕ್ಲೋಸಬಲ್ ಕೂಡ ಮಾಡಿರಬೇಕು. ಲೂಪಿನ ನಡುವೆ ಬ್ರೇಕ್ ಹಾಕಿ ಹೊರಬಂದರೆ ಸಿ ಶಾರ್ಪಿನ ಫಾರ್‌ಈಚ್ ಡಿಸ್ಪೋಸ್ ಕರೆಯುತ್ತದೆ. ಜಾವಾದ ಲೂಪ್ ಅಂಥ ಯಾವ ಕೆಲಸವನ್ನೂ ಮಾಡುವುದಿಲ್ಲ, ಫೈಲು ತೆರೆದೇ ಉಳಿಯುತ್ತದೆ.

ಸೀಕ್ವೆನ್ಸಿಂಗ್ ಯಂತ್ರಗಳ ಫಾಸ್ಟ್‌ಕ್ಯೂ ರೂಪ ಸುಲಭವೆಂದು ಕಾಣುತ್ತದೆ. ದಾಖಲೆಗೆ ಸಾಮಾನ್ಯವಾಗಿ ನಾಲ್ಕೇ ಸಾಲು, ಮೊದಲನೆಯದು ಅಟ್ ಚಿಹ್ನೆಯಿಂದ ಶುರು. ಹಾಗಾದರೆ ಅಟ್ ಕಂಡಲ್ಲಿ ಹೊಸ ದಾಖಲೆ ಎಂದುಕೊಂಡು ಫಾಸ್ಟಾದ ಕೋಡನ್ನೇ ತಿದ್ದಿ ಬಳಸಿದರೆ ಕೆಟ್ಟಿತು. ನಾಲ್ಕನೇ ಸಾಲಿನಲ್ಲಿ ಪ್ರತಿ ಅಕ್ಷರದ ಗುಣಮಟ್ಟದ ಅಂಕವನ್ನು 33 ಸೇರಿಸಿ ಆಸ್ಕಿ ಚಿಹ್ನೆಯಾಗಿ ಬರೆದಿರುತ್ತಾರೆ. ಅಟ್ ಚಿಹ್ನೆಯ ಆಸ್ಕಿ ಸಂಖ್ಯೆ 64, ಅಂದರೆ ಗುಣಮಟ್ಟ 31. ಇದು ಅಪರೂಪದ ಅಂಕವೇನಲ್ಲ, ಹಾಗಾಗಿ ಆ ಸಾಲೂ ಅಟ್‌ನಿಂದ ಶುರುವಾಗಬಹುದು. ಇಲ್ಲಿ ಚಿಹ್ನೆ ನೋಡಿ ನಡೆಯುವಂತಿಲ್ಲ, ಸಾಲು ಎಣಿಸಿಯೇ ನಡೆಯಬೇಕು. ಗುಣಮಟ್ಟದ ಸಾಲಿನ ಉದ್ದ ಅಕ್ಷರಗಳ ಸಾಲಿನಷ್ಟೇ ಇದೆಯೇ ಎಂದು ನೋಡಿಕೊಂಡರೆ ಹಾಳಾದ ಫೈಲು ಅಲ್ಲೇ ಸಿಕ್ಕಿಬೀಳುತ್ತದೆ.

ಇಟರೇಟರ್ ವಿಷಯದಲ್ಲಿ ಪೈಥಾನ್ ನನಗೆ ಹೆಚ್ಚು ಇಷ್ಟ. 2001ರ 2.2 ಆವೃತ್ತಿಯಿಂದಲೂ ಅಲ್ಲಿರುವುದು ಮುಂದಿನದನ್ನು ಕೊಡುವ ಮೆಥಡ್ ಮಾತ್ರ. ಕೊಡಲು ಇಲ್ಲದಿದ್ದರೆ ಸ್ಟಾಪ್ ಇಟರೇಷನ್. ಕೇಳಿ ನೋಡುವ ಪ್ರತ್ಯೇಕ ಮೆಥಡ್ಡೇ ಇಲ್ಲದ್ದರಿಂದ ಅದನ್ನು ತಪ್ಪಾಗಿ ಬರೆಯುವ ದಾರಿಯೂ ಇಲ್ಲ. ಯೀಲ್ಡ್ ಬಳಸಿದರೆ ಕ್ಲಾಸು ಬೇಡ, ಹತ್ತಿಪ್ಪತ್ತು ಸಾಲಿನ ಫಂಕ್ಷನ್ ಸಾಕು. ಎಲ್ಲಿ ನಿಂತಿದ್ದೆವು ಎಂಬ ನೆನಪನ್ನು ಭಾಷೆಯೇ ಇಟ್ಟುಕೊಳ್ಳುತ್ತದೆ. ಆದರೆ ಫಾಸ್ಟಾ ಅಲ್ಲಿಯೂ ಬಿಡುವುದಿಲ್ಲ. ಹೊಸ ಶೀರ್ಷಿಕೆ ಕಂಡಾಗ ಹಳೆಯ ದಾಖಲೆಯನ್ನು ಯೀಲ್ಡ್ ಮಾಡುವ ಲೂಪ್ ಬರೆದರೆ, ಕೊನೆಯ ದಾಖಲೆಯ ನಂತರ ಶೀರ್ಷಿಕೆ ಬರುವುದೇ ಇಲ್ಲ, ಅದು ಒಳಗೇ ಉಳಿದುಬಿಡುತ್ತದೆ. ಲೂಪಿನ ಹೊರಗೆ ಇನ್ನೊಂದು ಯೀಲ್ಡ್ ಬೇಕು. ಸಾವಿರ ದಾಖಲೆಗಳ ಫೈಲಿನಲ್ಲಿ ಒಂದು ಕಡಿಮೆಯಾದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅದಕ್ಕೇ ಇಂಥ ಕೋಡಿಗೆ ನಾನು ಮೊದಲು ಕೊಡುವ ಟೆಸ್ಟ್ ಫೈಲು ಒಂದೇ ದಾಖಲೆಯದು. ಆಮೇಲೆ ಖಾಲಿ ಫೈಲು, ಆಮೇಲೆ ಶೀರ್ಷಿಕೆ ಇದ್ದು ಕೆಳಗೆ ಒಂದು ಅಕ್ಷರವೂ ಇಲ್ಲದ್ದು.